ಹಳಿ ಒರೆಸುವವರು

ಆಟಿಕೆ ರೈಲು ನಿಂತುಹೋಗಲು ದೊಡ್ಡ ಕಾರಣವೇನೂ ಬೇಕಿಲ್ಲ. ಹಳಿಯ ಮೇಲೆ ತೆಳುವಾಗಿ ಧೂಳು ಕೂತರೆ ಸಾಕು. ನಿಜವಾದ ಇಂಜಿನ್ನಿಗೆ ತಲೆಯ ಮೇಲಿನ ತಂತಿಯಿಂದಲೋ ಹೊಟ್ಟೆಯೊಳಗಿನ ಡೀಸೆಲ್‌ನಿಂದಲೋ ಶಕ್ತಿ ಸಿಗುತ್ತದೆ. ಈ ಪುಟ್ಟ ಇಂಜಿನ್ನಿಗೆ ಶಕ್ತಿ ಬರುವುದು ಅದು ಓಡುವ ಹಳಿಯಿಂದಲೇ. ಸಾಮಾನ್ಯವಾಗಿ 12 ವೋಲ್ಟ್ ಮೀರದ ವಿದ್ಯುತ್ತು ಒಂದು ಹಳಿಯಿಂದ ಚಕ್ರಕ್ಕೆ ಹತ್ತಿ, ಮೋಟರಿನೊಳಗೆ ಹಾದು, ಇನ್ನೊಂದು ಚಕ್ರದಿಂದ ಇಳಿದು ಇನ್ನೊಂದು ಹಳಿಗೆ ಮರಳಬೇಕು. ಚಕ್ರವೂ ಹಳಿಯೂ ಮುಟ್ಟುವ ಜಾಗ ಸಾಸಿವೆ ಕಾಳಿಗಿಂತ ಚಿಕ್ಕದು. ಅಲ್ಲಿ ಧೂಳು, ಎಣ್ಣೆ ಪಸೆ, ಲೋಹದ ಕಿಲುಬು ಸೇರಿತೆಂದರೆ ಇಂಜಿನ್ನು ಮುಗ್ಗರಿಸುತ್ತದೆ, ಆಮೇಲೆ ನಿಲ್ಲುತ್ತದೆ. ಹಾಗಾಗಿ ಇಂಥ ರೈಲುಗಳನ್ನು ಓಡಿಸುವವರು ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಅವರಿಗೆಲ್ಲ ಒಂದು ಕೆಲಸ ತಪ್ಪಿದ್ದಲ್ಲ. ಬಟ್ಟೆಗೆ ಸ್ವಲ್ಪ ಸ್ಪಿರಿಟ್ ಹಚ್ಚಿಕೊಂಡು ಹಳಿ ಒರೆಸುವುದು.

ಕಲ್ಲಿನ ಪ್ರತಿಮೆಗೆ ಈ ಕಷ್ಟವಿಲ್ಲ. ಅದರ ಮೇಲೆ ಧೂಳು ಕೂತರೂ ಪಾರಿವಾಳ ಕೂತರೂ ಅದು ಪ್ರತಿಮೆಯೇ. ಪುಸ್ತಕಕ್ಕೂ ಅಷ್ಟೇ, ಇಪ್ಪತ್ತು ವರ್ಷ ಕಪಾಟಿನಲ್ಲಿ ಮಲಗಿ ಎದ್ದರೂ ಅದು ಓದಿಸಿಕೊಳ್ಳುತ್ತದೆ. ಓಡುವ ವಸ್ತುವೊಂದನ್ನು ಕಟ್ಟಿ ಸತ್ತವನ ನೆನಪು ಮಾತ್ರ ಬೇರೆ ರೀತಿಯದು. ಉಳಿದವರು ದಿನಾ ಬೆಳಿಗ್ಗೆ ಬಟ್ಟೆ ಹಿಡಿಯದಿದ್ದರೆ ಅವನು ಕಟ್ಟಿದ್ದು ಒಂದು ತಿಂಗಳೂ ಬಾಳುವುದಿಲ್ಲ. ಹಾಗಾದರೆ ಅವನನ್ನು ನೆನೆಯುವುದು ಅಂದರೆ ಏನು? ಉಳಿದವರ ದಿನಗಳ ಮೇಲೆ ಸತ್ತವನಿಗೆ ಎಷ್ಟು ಹಕ್ಕಿದೆ? ಈ ಪ್ರಶ್ನೆ ನನಗೆ ಹೊಳೆದದ್ದು ಪುಣೆಯಲ್ಲಿ. ಅದಕ್ಕೆ ಉತ್ತರ ಬೇಕಾಗಿದ್ದದ್ದು ಗದಗಿನ ಒಂದು ಅಂಗಡಿಯ ಸಲುವಾಗಿ.

ಪುಣೆಯ ಕಥೆ ಮೊದಲು ಹೇಳುತ್ತೇನೆ. ಇಲ್ಲಿನ ಕೋಥ್ರೂಡ್‌ನಲ್ಲಿ ಜೋಶಿ ಮಿನಿಯೇಚರ್ ರೈಲ್ವೆ ಮ್ಯೂಸಿಯಂ ಇದೆ. ಅದನ್ನು ಕಟ್ಟಿದವರು ದಿವಂಗತ ಭಾವೂಸಾಹೇಬ್ ಜೋಶಿ. ರೈಲು ಮಾದರಿಗಳ ಹುಚ್ಚು ಹಿಡಿದವರು. ಎಂಬತ್ತರ ದಶಕದಲ್ಲಿ ತಮ್ಮ ಪುಟ್ಟ ನಗರವನ್ನು ಪುಣೆಯಲ್ಲಿ ತಾತ್ಕಾಲಿಕ ಪ್ರದರ್ಶನಗಳಾಗಿ ಜನರಿಗೆ ತೋರಿಸಿದರು. ಪ್ರತಿ ಸಲ ಜೋಡಿಸಿ, ತೋರಿಸಿ, ಬಿಚ್ಚುವ ಉಸಾಬರಿ ಎಷ್ಟೆಂಬುದು ಗಣೇಶೋತ್ಸವದ ಮಂಟಪ ಹಾಕಿದವರಿಗೆ ಗೊತ್ತು. ಕೊನೆಗೆ ಶಾಶ್ವತವಾದ ಜಾಗದಲ್ಲೇ ಕಟ್ಟಿ, 1998ರ ಏಪ್ರಿಲ್ 1ರಂದು ಸಾರ್ವಜನಿಕರಿಗೆ ತೆರೆದರು. ಈಗ ಅವರಿಲ್ಲ. ಕುಟುಂಬದವರು ನಡೆಸಿಕೊಂಡು ಬರುತ್ತಿದ್ದಾರೆ.

ಧನಕವಡಿಯ ನಮ್ಮ ಮನೆಯಿಂದ ಕೋಥ್ರೂಡ್‌ಗೆ ಹೋಗಲು ನಾನು ಹಿಡಿಯುವುದು ಕಾತ್ರಜ್ ಬೈಪಾಸ್. ನವಲೆ ಸೇತುವೆ, ವಾರ್ಜೆ ದಾಟಿಕೊಂಡು. ಬೆಳಗಾವಿ, ಹುಬ್ಬಳ್ಳಿಯ ಬಸ್ಸುಗಳು ಓಡಾಡುವ ಹೆದ್ದಾರಿಯೂ ಅದೇ ಆದ್ದರಿಂದ ಕರ್ನಾಟಕದ ನಂಬರ್ ಪ್ಲೇಟ್ ಕಂಡಾಗಲೆಲ್ಲ ನಮ್ಮ ಕಾರಿನಲ್ಲಿ ಒಂದು ಸಂಭ್ರಮ. ಮಗಳಿಗೆ ಎಂಟು ವರ್ಷವಿದ್ದಾಗ ಮೊದಲ ಸಲ ಆ ಮ್ಯೂಸಿಯಂಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ನೋಡಲು ಸಿಗುವುದು ಒಂದು ಇಡೀ ಊರು. ಹೊಗೆ ಬಿಡುವ ಉಗಿಬಂಡಿ, ಗಾಳಿಯಲ್ಲಿ ತೂಗಿಕೊಂಡು ಹೋಗುವ ರೈಲು, ಹಲ್ಲುಹಳಿಯ ಮೇಲೆ ಗುಡ್ಡ ಹತ್ತುವ ರೈಲು, ವೇಗದ ರೈಲು, ಸಿಗ್ನಲ್ಲು, ಮೇಲ್ಸೇತುವೆ, ಸರ್ಕಸ್ಸು, ಈಜುಕೊಳ, ಕಾರಿನಲ್ಲೇ ಕೂತು ನೋಡುವ ಸಿನೆಮಾ. ದೀಪ ಆರಿಸಿದರೆ ಊರಿಗೆ ರಾತ್ರಿಯಾಗುತ್ತದೆ, ಮನೆಗಳಲ್ಲಿ ದೀಪ ಹತ್ತುತ್ತದೆ.

ಮಗಳು ಮೂರು ಪ್ರಶ್ನೆ ಕೇಳಿದಳು. ಇದನ್ನು ಯಾರು ಮಾಡಿದ್ದು? ಹೇಳಿದೆ. ಅವರು ಎಲ್ಲಿದ್ದಾರೆ? ತೀರಿಕೊಂಡಿದ್ದಾರೆ ಅಂದೆ. ಹಾಗಾದರೆ ಈಗ ಓಡಿಸುತ್ತಿರುವುದು ಯಾರು? ಆ ಮೂರನೆಯ ಪ್ರಶ್ನೆಯನ್ನು ದೊಡ್ಡವರು ಕೇಳುವುದಿಲ್ಲ. ಸ್ಥಾಪಕರ ಹೆಸರು, ವರ್ಷ ಕೇಳಿಕೊಂಡು ಫೋಟೊ ತೆಗೆದು ಮುಂದಕ್ಕೆ ಹೋಗುತ್ತೇವೆ. ಸ್ಥಾಪಕ ಇಲ್ಲದ ಮೇಲೂ ಗಾಡಿ ಓಡುತ್ತಿದೆಯೆಂದರೆ ಯಾರೋ ಇಂದು ಬೆಳಿಗ್ಗೆಯೂ ಹಳಿ ಒರೆಸಿದ್ದಾರೆ ಎಂಬ ಲೆಕ್ಕ ಮಗುವಿಗೆ ಹೊಳೆಯುತ್ತದೆ.

ಈ ರೈಲುಗಳ ಅಳತೆಗೆ ಎಚ್‌ಒ ಎನ್ನುತ್ತಾರೆ. 87 ಮೀಟರಿನದು ಇಲ್ಲಿ ಒಂದು ಮೀಟರ್. ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್. ನಮ್ಮ ಬ್ರಾಡ್‌ಗೇಜ್ 5 ಅಡಿ 6 ಅಂಗುಲ, ಹೆಚ್ಚುಕಡಿಮೆ ಒಬ್ಬ ಸಾಮಾನ್ಯ ಮನುಷ್ಯನ ಎತ್ತರ. ಆ ಮನುಷ್ಯ ಎಚ್‌ಒ ಅಳತೆಯ ಪ್ಲಾಟ್‌ಫಾರ್ಮಿನ ಮೇಲೆ ನಿಂತರೆ ಎರಡು ಸೆಂಟಿಮೀಟರ್ ಕೂಡ ಇರುವುದಿಲ್ಲ. ಆದರೆ ಎಲ್ಲವೂ 87ರಿಂದ ಭಾಗವಾಗುವುದಿಲ್ಲ. ಧೂಳಿನ ಕಣ ಚಿಕ್ಕದಾಗುವುದಿಲ್ಲ. ಒರೆಸುವವರ ಕೈಯೂ ಚಿಕ್ಕದಾಗುವುದಿಲ್ಲ, ಅವರ ವೇಳೆಯೂ ಕಮ್ಮಿಯಾಗುವುದಿಲ್ಲ. ಪುಟ್ಟ ಜಗತ್ತಿಗೆ ಬೇಕಾಗುವ ಆರೈಕೆ ಪೂರ್ಣಗಾತ್ರದ್ದೇ.

ಇದರ ಪಕ್ಕದಲ್ಲಿ ಮೈಸೂರಿನ ರೈಲ್ವೆ ಮ್ಯೂಸಿಯಂ ನೆನೆಸಿಕೊಳ್ಳಿ. 1979ರಲ್ಲಿ ಶುರುವಾದದ್ದು. ಮಹಾರಾಣಿಯವರ ಸಲೂನ್ ಬಂಡಿ, ಹಳೆಯ ಉಗಿಬಂಡಿಗಳು ಅಲ್ಲಿವೆ. 2020ರಲ್ಲಿ ಹುಬ್ಬಳ್ಳಿಯಲ್ಲೂ ಒಂದು ಆಯಿತು. ನನಗೆ ಎರಡೂ ಪ್ರೀತಿಯವೇ. ಚಿಕ್ಕವನಿದ್ದಾಗ ಹುಬ್ಬಳ್ಳಿಯಿಂದ ಪುಣೆಗೆ ಬರಬೇಕಾದರೆ ಮೀರಜ್‌ವರೆಗೆ ಮೀಟರ್‌ಗೇಜ್, ಅಲ್ಲಿ ಟ್ರಂಕು ಹೊತ್ತು ಇಳಿದು ಬ್ರಾಡ್‌ಗೇಜ್ ಗಾಡಿ ಹತ್ತಬೇಕಿತ್ತು. ಆ ಪುಟ್ಟ ಅಗಲದ ಬಂಡಿಗಳನ್ನು ನೋಡಿದರೆ ಈಗಲೂ ಎದೆ ತುಂಬುತ್ತದೆ. ಆದರೆ ಅಲ್ಲಿ ನಿಂತಿರುವ ನಿಜವಾದ ಇಂಜಿನ್ನುಗಳಿಗೆ ಓಡುವ ಕೆಲಸ ಮುಗಿದಿದೆ. ಇಲ್ಲಿ ಕೋಥ್ರೂಡ್‌ನಲ್ಲಿ ಸುಳ್ಳು ಇಂಜಿನ್ನುಗಳು ಓಡುತ್ತಿವೆ. ಒಂದು ಕಡೆ ಇದ್ದದ್ದನ್ನು ಕಾಪಿಡುವ ನೆನಪು, ಇನ್ನೊಂದು ಕಡೆ ನಡೆಯುತ್ತಿದ್ದದ್ದನ್ನು ನಡೆಸುವ ನೆನಪು. ಮೊದಲನೆಯದಕ್ಕೆ ಬಣ್ಣ, ನೆರಳು ಮತ್ತು ಕಾವಲುಗಾರ ಸಾಕು. ಎರಡನೆಯದಕ್ಕೆ ಕೆಲಸ ಬಲ್ಲವರೇ ಬೇಕು.

ಮಾದರಿ ರೈಲುಗಳನ್ನು ತಯಾರಿಸಿದ ಕಂಪನಿಗಳ ಚರಿತ್ರೆಯನ್ನೂ ಇದೇ ಪ್ರಶ್ನೆ ಇಟ್ಟುಕೊಂಡು ನೋಡಿದೆ. ಎಲ್ಲಕ್ಕಿಂತ ದೊಡ್ಡ ಹೆಸರು ಜರ್ಮನಿಯ ಮೆರ್ಕ್ಲಿನ್. ಗೊಪಿಂಗೆನ್ ಎಂಬ ಊರಿನಲ್ಲಿ ತಗಡಿನ ಕೆಲಸದ ಥಿಯೋಡೋರ್ ಫ್ರೀಡ್ರಿಕ್ ವಿಲ್ಹೆಲ್ಮ್ ಮೆರ್ಕ್ಲಿನ್ ಅದನ್ನು 1859ರಲ್ಲಿ ಶುರುಮಾಡಿದ. ಮಾಡುತ್ತಿದ್ದದ್ದು ಗೊಂಬೆಮನೆಯ ತಗಡಿನ ಪಾತ್ರೆ ಪಗಡಿಗಳನ್ನು. 1866ರಲ್ಲಿ ತೀರಿಕೊಂಡ. ಕಂಪನಿ ತನ್ನ ಮೊದಲ ರೈಲು ಸೆಟ್ಟನ್ನು ಲೈಪ್ಜಿಗ್ ಸಂತೆಗೆ ತಂದದ್ದು 1891ರಲ್ಲಿ. ಬೇರೆ ಬೇರೆ ಹಳಿಗಳಿಗೆ ಗೇಜ್ ಸಂಖ್ಯೆಗಳನ್ನು ಕೊಟ್ಟು, ಹಳಿಗೆ ಹಳಿ, ಬಂಡಿಗೆ ಬಂಡಿ ಸೇರಿಸುತ್ತ ಹೋಗಬಹುದಾದ ವ್ಯವಸ್ಥೆಯನ್ನು ತಂದದ್ದೂ ಆಗಲೇ. ಅಂದರೆ ಜಗತ್ತಿನ ಅತಿ ಪ್ರಸಿದ್ಧ ಮಾದರಿ ರೈಲು ಕಂಪನಿಯ ಸ್ಥಾಪಕ ತನ್ನ ಕಂಪನಿಯ ಒಂದೇ ಒಂದು ರೈಲನ್ನೂ ನೋಡಲಿಲ್ಲ.

ನಡುವಿನ 25 ವರ್ಷ ಏನಾಯಿತು? ಅವನ ಹೆಂಡತಿ ಕ್ಯಾರೊಲೀನ್ ಇದ್ದಳು. ಅದಕ್ಕೂ ಮೊದಲೇ ಗಂಡ ಮಾಡಿದ ಸಾಮಾನನ್ನು ಊರೂರು ತಿರುಗಿ ಮಾರುತ್ತಿದ್ದವಳು ಅವಳು. ಹೆಂಗಸೊಬ್ಬಳು ಮಾದರಿ ಪೆಟ್ಟಿಗೆ ಹಿಡಿದು ವ್ಯಾಪಾರಕ್ಕೆ ಹೊರಡುವುದು ಅಪರೂಪವಾಗಿದ್ದ ಕಾಲ. ಗಂಡ ಹೋದ ಮೇಲೆ, 1888ರಲ್ಲಿ ಮಕ್ಕಳ ಕೈಗೆ ಒಪ್ಪಿಸುವವರೆಗೆ ಆ ಅಂಗಡಿಯ ಉಸಿರು ನಿಲ್ಲದಂತೆ ನೋಡಿಕೊಂಡಳು. ಗಂಡ ನಡೆಸಿದ್ದು ಏಳು ವರ್ಷ, ಅವನಿಲ್ಲದ ಮೇಲೆ ಉಳಿಸಿದವಳು ಅದರ ಮೂರು ಪಟ್ಟು. ಸ್ಥಾಪಕ ಎಂಬ ಪದ ಅವನ ಪಾಲಿಗೆ, ಅವಳ ಪಾಲಿಗೆ ಅಂಥದೊಂದು ಪದವೇ ಇಲ್ಲ. ಕನ್ನಡದಲ್ಲೂ ಇಲ್ಲ. ಕಟ್ಟಿದವನಿಗೆ ಸ್ಥಾಪಕ, ಕೊಟ್ಟವನಿಗೆ ದಾನಿ ಅನ್ನುತ್ತೇವೆ. ಬೀಳದಂತೆ ಹಿಡಿದವರಿಗೆ ಏನನ್ನುತ್ತೇವೆ? ನಾನು ಕೆಲಸ ಮಾಡುವ ಕ್ಷೇತ್ರದಲ್ಲಿ ಮೇಂಟೆನೆನ್ಸ್ ಟೀಂ ಅನ್ನುತ್ತಾರೆ. ಆ ಟೀಮಿಗೆ ಹಾಕಿದರೆ ಹುಡುಗರು ರಾಜೀನಾಮೆಯ ಮಾತಾಡುತ್ತಾರೆ.

ಇಂಗ್ಲೆಂಡಿನ ಫ್ರ್ಯಾಂಕ್ ಹಾರ್ನ್‌ಬಿಯ ಕಥೆ ಇನ್ನೊಂದು ಬಗೆ. ಹಾರ್ನ್‌ಬಿ 1901ರಲ್ಲಿ ಪೇಟೆಂಟ್ ಪಡೆದ ಆಟಿಕೆಯೇ ಮುಂದೆ ಮೆಕಾನೊ ಎಂದು ಹೆಸರಾಯಿತು. ತೂತುಗಳಿರುವ ಲೋಹದ ಪಟ್ಟಿ, ನಟ್ಟು, ಬೋಲ್ಟು. ನಮ್ಮ ತಲೆಮಾರಿನ ಅನೇಕರು ಅದರ ಯಾವುದೋ ದೇಶೀ ರೂಪವನ್ನು ಜೋಡಿಸಿಯೇ ಇಂಜಿನಿಯರ್ ಆಗುವ ಕನಸು ಕಂಡವರು. 1920ರಲ್ಲಿ ಲಿವರ್‌ಪೂಲ್‌ನ ಬಿನ್ಸ್ ರೋಡ್ ಕಾರ್ಖಾನೆಯಿಂದ ಅವನ ಕೀಲಿ ಕೊಡುವ ರೈಲುಗಳು ಹೊರಬಂದವು. 1936ರಲ್ಲಿ ಸತ್ತ. 1964ರಲ್ಲಿ ಅವನ ಕಂಪನಿಯನ್ನು ಲೈನ್ಸ್ ಬ್ರದರ್ಸ್ ಎಂಬ ಸಂಸ್ಥೆ ಕೊಂಡುಕೊಂಡಿತು; ಟ್ರೈ-ಯಾಂಗ್ ಹೆಸರಿನ ಪ್ರತಿಸ್ಪರ್ಧಿ ರೈಲುಗಳು ಅದರವೇ. ಆ ಸಂಸ್ಥೆಯೂ ಮುಳುಗಿದ ಮೇಲೆ, 1972ರಲ್ಲಿ ಟ್ರೈ-ಯಾಂಗ್ ರೈಲು ತಯಾರಿಸುತ್ತಿದ್ದ ಮಾರ್ಗೇಟ್‌ನ ಕಾರ್ಖಾನೆಯೇ ಹಾರ್ನ್‌ಬಿ ರೈಲ್ವೇಸ್ ಎಂಬ ಹೆಸರು ಇಟ್ಟುಕೊಂಡಿತು. ಬಿನ್ಸ್ ರೋಡ್ ಕಾರ್ಖಾನೆ 1979ರಲ್ಲಿ ಮುಚ್ಚಿತು. ಇಂದಿನ ಹಾರ್ನ್‌ಬಿ ಡಬ್ಬಿಯೊಳಗಿನ ರೈಲಿನ ವಂಶವೃಕ್ಷ ಹುಡುಕಿದರೆ ಅದು ಪ್ರತಿಸ್ಪರ್ಧಿಯ ಮನೆಗೆ ಹೋಗಿ ಮುಟ್ಟುತ್ತದೆ. ಹೆಸರು ಅವನದು, ಒಳಗಿನದು ಇನ್ನೊಬ್ಬರದು.

ಮೆರ್ಕ್ಲಿನ್ ಮನೆಯಲ್ಲಿ ಹೆಸರು ಸಿಗದ ಕೈ ಕೆಲಸ ಉಳಿಸಿತು. ಹಾರ್ನ್‌ಬಿ ವಿಷಯದಲ್ಲಿ ಹೆಸರು ಉಳಿಯಿತು, ಅವನ ಕಾರ್ಖಾನೆಯ ಕೈಗಳು ಚದುರಿದವು. ಎರಡರಲ್ಲಿ ಯಾವುದು ಸತ್ತವನ ನೆನಪು?

ಹೆಸರಿನ ವಿಷಯ ಬಂದಿತು ಅಂತ ಒಂದು ಮಾತು. ಜೋಶಿ ಮ್ಯೂಸಿಯಂ ಇರುವ ರಸ್ತೆಯ ಹೆಸರು ಜಿ. ಎ. ಕುಲಕರ್ಣಿ ಪಥ. ಮರಾಠಿಯ ದೊಡ್ಡ ಕಥೆಗಾರ. ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಏಕಸಂಬಾದಲ್ಲಿ, ಬಾಳಿನ ಬಹುಭಾಗ ಇಂಗ್ಲಿಷ್ ಪಾಠ ಮಾಡಿಕೊಂಡು ಕಳೆದದ್ದು ಧಾರವಾಡದಲ್ಲಿ, ತೀರಿಕೊಂಡದ್ದು 1987ರಲ್ಲಿ ಪುಣೆಯಲ್ಲಿ. ನಮ್ಮಂತೆಯೇ ಎರಡು ಭಾಷೆಗಳ ಗಡಿಯ ಮೇಲೆ ಕಾಲಿಟ್ಟು ಬದುಕಿದವರು. ಆ ರಸ್ತೆಯಲ್ಲಿ ದಿನಾ ಗಾಡಿ ನಿಲ್ಲಿಸುವ ಇಬ್ಬರು ಸಹೋದ್ಯೋಗಿಗಳಿಗೆ ಆ ಹೆಸರು ಯಾರದೆಂದು ಕೇಳಿದೆ. ಒಬ್ಬರು ಕಾರ್ಪೊರೇಟರ್ ಇರಬೇಕು ಅಂದರು. ಇನ್ನೊಬ್ಬರು ಫೋನ್ ತೆಗೆದರು. ಬೋರ್ಡು ಹೆಸರನ್ನು ಉಳಿಸುತ್ತದೆ, ಮನುಷ್ಯನನ್ನು ಉಳಿಸುವ ಜವಾಬ್ದಾರಿ ಅದರದಲ್ಲ. ಅವರ ಕಥೆಯನ್ನು ಈ ರಾತ್ರಿ ಯಾರಾದರೂ ಓದುತ್ತಿದ್ದರೆ ಅಲ್ಲಿ ಅವರಿದ್ದಾರೆ.

ಈಗ ಗದಗಿನ ಅಂಗಡಿ. ನಮ್ಮ ಅಪ್ಪನದು ಮೋಟರ್ ರಿವೈಂಡಿಂಗ್ ಅಂಗಡಿ. ಬಾವಿ, ಬೋರ್‌ವೆಲ್ ಪಂಪುಗಳ ಮೋಟರು ಸುಟ್ಟರೆ ರೈತರು ಎತ್ತಿನ ಗಾಡಿಯಲ್ಲಿ, ಆಮೇಲೆ ಟಂಟಂನಲ್ಲಿ ತಂದು ಇಳಿಸುತ್ತಿದ್ದರು. ಸುಟ್ಟ ತಾಮ್ರದ ತಂತಿ ಕಿತ್ತು, ಸುತ್ತು ಎಣಿಸಿ, ಅದೇ ಗೇಜಿನ ಹೊಸ ತಂತಿ ಸುತ್ತಿ, ವಾರ್ನಿಷ್ ಹಾಕಿ ಒಣಗಿಸಿ ಕೊಡಬೇಕು. ಬೇಸಿಗೆಯಲ್ಲಿ ಒಂದು ದಿನ ತಡವಾದರೆ ಒಂದು ಹೊಲ ಒಣಗುತ್ತದೆ. ಅಪ್ಪ ಒಂದು ಉದ್ದನೆಯ ರಿಜಿಸ್ಟರ್ ಇಟ್ಟಿದ್ದರು. ಯಾವ ಮೋಟರಿಗೆ ಎಷ್ಟು ಸುತ್ತು, ಯಾವ ಗೇಜು, ಸ್ಲಾಟಿನ ಲೆಕ್ಕ ಏನು, ಎಲ್ಲ ಅದರಲ್ಲಿ. ನಾನು ಎಂಟೆಕ್‌ನಲ್ಲಿ ಓದಿದ ವಿದ್ಯುತ್ ಯಂತ್ರಗಳ ಪುಸ್ತಕಕ್ಕಿಂತ ಆ ರಿಜಿಸ್ಟರ್‌ನಿಂದ ಹೆಚ್ಚು ಜನರ ಹೊಲಕ್ಕೆ ನೀರು ಹರಿದಿದೆ.

ಅಪ್ಪ ತೀರಿಕೊಂಡು ಎರಡು ವರ್ಷವಾಯಿತು. ಅಂಗಡಿ ನಿಂತಿಲ್ಲ. ಅಪ್ಪನ ಜೊತೆ ಮೂವತ್ತು ವರ್ಷ ದುಡಿದ ಮೇಸ್ತ್ರಿ ನಡೆಸುತ್ತಿದ್ದಾರೆ. ಬೋರ್ಡಿನ ಮೇಲೆ ಅಪ್ಪನ ಹೆಸರಿದೆ, ಕಾಗದದ ಮೇಲೆ ನನ್ನ ಮತ್ತು ತಮ್ಮನ ಹೆಸರಿದೆ, ತಂತಿ ಸುತ್ತುವ ಕೈ ಮೇಸ್ತ್ರಿಯದು. ಈ ವರ್ಷ ಮೊಬೈಲ್ ಶೋರೂಮಿನವರೊಬ್ಬರು ಆ ಜಾಗಕ್ಕೆ ಒಳ್ಳೆಯ ಬೆಲೆ ಹೇಳಿದರು. ತಮ್ಮನಿಗೆ ಹಣದ ಅಗತ್ಯ ನಿಜವಾಗಿಯೂ ಇತ್ತು. ಅವ್ವನಿಗೆ ಬೋರ್ಡು ಇಳಿಯಬಾರದು. ಈ ಓದುಗರಲ್ಲಿ ಅನೇಕರ ಮನೆಯಲ್ಲಿ ಇಂಥದ್ದೇ ಒಂದು ಇರುತ್ತದೆ ಎಂದುಕೊಂಡಿದ್ದೇನೆ. ಎರಡು ಎಕರೆ ಹೊಲ, ಬೀಗ ಹಾಕಿದ ಮನೆ, ಅಜ್ಜ ಶುರುಮಾಡಿದ ಭಜನಾ ಮಂಡಳಿ, ಮಾಮ ನಡೆಸುತ್ತಿದ್ದ ವಾಚನಾಲಯ. ನಾವು ಊರು ಬಿಟ್ಟು ಬಂದವರು. ನಮ್ಮ ಹೆಸರಿಗೆ ಬಂದದ್ದು ಅಲ್ಲಿದೆ, ನಾವು ಇಲ್ಲಿದ್ದೇವೆ.

ಸತ್ತವರು ಇದ್ದವರನ್ನು ಕಟ್ಟಿಹಾಕಬಾರದು ಎಂಬ ವಾದ ಗಟ್ಟಿಯಾದದ್ದು, ಅದನ್ನು ತಳ್ಳಿಹಾಕಲಾರೆ. ಅಪ್ಪ ಆರಿಸಿಕೊಂಡ ಕೆಲಸವನ್ನು ನಾನು ಆರಿಸಿಕೊಳ್ಳಲಿಲ್ಲ. ಅವರೂ ತಮ್ಮ ತಂದೆಯ ಹೊಲವನ್ನು ಬಿಟ್ಟೇ ಅಂಗಡಿ ಹಾಕಿದ್ದು. ಮಾದರಿ ರೈಲಿನ ಹುಚ್ಚಿದ್ದವರ ಮಕ್ಕಳಿಗೆ ಕ್ರಿಕೆಟ್ ಇಷ್ಟವಾಗಿರಬಹುದು. ಪ್ರತಿ ತಲೆಮಾರೂ ಹಿಂದಿನವರ ಹಳಿಯನ್ನು ಒರೆಸುತ್ತಲೇ ಕೂತರೆ ಹೊಸ ಹಳಿ ಹಾಕುವವರು ಯಾರು? ಸಾಫ್ಟ್‌ವೇರಿನಲ್ಲಿ ನಾನು ಈ ನೋವನ್ನು ದಿನವೂ ಕಾಣುತ್ತೇನೆ. ಇಪ್ಪತ್ತು ವರ್ಷದ ಹಿಂದೆ ಯಾರೋ ಜಾಣರು ಬರೆದ ಪ್ರೋಗ್ರಾಮು, ಬರೆದವರು ಬೇರೆಡೆಗೆ ಹೋಗಿ ಕಾಲವಾಯಿತು, ಅದನ್ನು ಮುಟ್ಟಲು ಎಲ್ಲರಿಗೂ ಭಯ, ಮೂರು ಹುಡುಗರ ಹರೆಯ ಅದರ ಸೇವೆಯಲ್ಲಿ ಕರಗುತ್ತಿದೆ. ಅಲ್ಲಿ ಸ್ಥಾಪಕರನ್ನು ಸ್ಮರಿಸುವಾಗ ಬಾಯಿಂದ ಬರುವ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

ಆದರೆ ಈ ವಾದ ಒಂದು ಬದಿಯನ್ನು ಮಾತ್ರ ನೋಡುತ್ತದೆ. ಉಳಿದವರ ಮೇಲೆ ಋಣವಿದೆಯೇ ಎಂದು ಕೇಳುವ ಮೊದಲು, ಕಟ್ಟುವವನ ಮೇಲೆ ಏನು ಋಣವಿದೆ ಎಂದು ಕೇಳಬೇಕು. ಇದನ್ನು ನಮ್ಮ ಹಿರಿಯರು ಕೇಳಿದ್ದರು ಎಂಬುದಕ್ಕೆ ಕನ್ನಡ ನಾಡಿನ ಶಾಸನಗಳೇ ಸಾಕ್ಷಿ. ದೇವಾಲಯ ಕಟ್ಟಿಸಿದವರು ಅಲ್ಲಿಗೆ ಕೈತೊಳೆದುಕೊಳ್ಳಲಿಲ್ಲ. ನಂದಾದೀವಿಗೆಯ ಎಣ್ಣೆಗೆ ಇಷ್ಟು, ಪೂಜೆಗೆ ಇಷ್ಟು ಎಂದು ಭೂಮಿ ಬಿಟ್ಟರು. ಜೊತೆಗೆ ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ ಎಂದೂ ಬರೆಸಿದರು. ಒಡೆದದ್ದು, ಬಿರುಕು ಬಿಟ್ಟದ್ದು, ಹಳತಾದದ್ದನ್ನು ಸರಿಪಡಿಸಲು. ಇನ್ನೂ ಹೊಸ ಕಲ್ಲಿನ ಪುಡಿ ನೆಲದ ಮೇಲಿರುವಾಗಲೇ ಇದು ಒಂದು ದಿನ ಒಡೆಯುತ್ತದೆ ಎಂದು ಕಲ್ಲಿನಲ್ಲೇ ಕೆತ್ತಿಸಿದ ವಿವೇಕ ಅದು. ಇಂದು ಕೋಟಿಗಟ್ಟಲೆಯ ಪ್ರಾಜೆಕ್ಟಿನ ಬಜೆಟ್ಟಿನಲ್ಲಿ ಈ ಒಂದು ಸಾಲನ್ನು ಸೇರಿಸಲು ನಾನು ಮೂರು ಮೀಟಿಂಗ್ ಕೂರಬೇಕು. ಆ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಇನ್ನೊಂದು ವಿಚಾರ ಕೊಡುವುದಕ್ಕಿಂತ ಕೊಟ್ಟದ್ದನ್ನು ಕಾಯುವುದು ಮೇಲು ಎಂಬುದು. ರಾಜನೇ ತಾನು ಕೊಟ್ಟ ದಾನದ ಕೆಳಗೆ, ತನಗಿಂತ ದೊಡ್ಡವನು ಮುಂದೆ ಬರುವ ಕಾವಲುಗಾರ ಎಂದು ಬರೆಸುವುದು ಸಣ್ಣ ಮಾತಲ್ಲ.

ಗದಗಿಗೆ ಹತ್ತಿರದ ಲಕ್ಕುಂಡಿಗೆ ಹೋದರೆ ಅತ್ತಿಮಬ್ಬೆ ನೆನಪಾಗುತ್ತಾಳೆ. ಅವಳು ಕಟ್ಟಿಸಿದ ಬಸದಿ ಅಲ್ಲಿದೆ. ಆದರೆ ನನಗೆ ಮುಖ್ಯವಾದದ್ದು ಅವಳ ಇನ್ನೊಂದು ಕೆಲಸ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಗರಿಯಲ್ಲಿ ಬರೆಸಿ ಹಂಚಿದಳು ಎಂಬುದು ನಮಗೆಲ್ಲ ಶಾಲೆಯಲ್ಲೇ ಗೊತ್ತಾದ ಸಂಗತಿ. ಕಾವ್ಯ ಅವಳದಲ್ಲ. ಅವಳು ಬರೆದದ್ದಲ್ಲ, ಬರೆಸಿ ಉಳಿಸಿದ್ದು. ಓಲೆಗರಿಗೆ ಗೆದ್ದಲು, ತೇವ, ಬೆಂಕಿ ಎಲ್ಲವೂ ಶತ್ರು. ಒಂದು ಪ್ರತಿ ಹೋದರೂ ಕೃತಿ ಹೋಗಬಾರದು ಅಂದರೆ ಪ್ರತಿ ಮಾಡುತ್ತಲೇ ಇರಬೇಕು. ಕನ್ನಡ ಅವಳನ್ನು ಮರೆತಿಲ್ಲ. ಕ್ಯಾರೊಲೀನ್‌ಗೆ ಸಿಗದ ಗೌರವವನ್ನು ನಮ್ಮ ಭಾಷೆ ಒಬ್ಬ ಕಾಯುವವಳಿಗೆ ಕೊಟ್ಟಿದೆ.

ಹಾಗಾಗಿ ನಾನು ಮುಟ್ಟಿದ ಉತ್ತರಕ್ಕೆ ಎರಡು ಬದಿಗಳಿವೆ. ಕಟ್ಟುವವನ ಕರ್ತವ್ಯ, ಇನ್ನೊಬ್ಬರು ದುರಸ್ತಿ ಮಾಡಬಹುದಾದದ್ದನ್ನು ಕಟ್ಟುವುದು. ತನ್ನ ಕೈಗೆ ಮಾತ್ರ ಗೊತ್ತಿರುವ ಗುಟ್ಟಿನ ಮೇಲೆ ನಿಂತದ್ದು ಅವನ ಜೊತೆಗೇ ಸಾಯಲು ಅರ್ಹ. ಮೆರ್ಕ್ಲಿನ್ ಮಕ್ಕಳ ದೊಡ್ಡ ಕೊಡುಗೆ ಆ ರೈಲಿಗಿಂತ ಅದರ ಗೇಜ್. ಇಂದು ಕೊಂಡ ಹಳಿಗೆ ನಾಳೆ ಕೊಳ್ಳುವ ಹಳಿ ಕೂಡಬೇಕು ಎಂದವರು ತಮ್ಮ ನಂತರದವರಿಗೂ ಜಾಗ ಬಿಟ್ಟಂತೆ. ಉಳಿದವರ ಕರ್ತವ್ಯ, ಕೈಗೆ ಬಂದದ್ದನ್ನು ನಡೆಸುವುದು, ಇಲ್ಲವೇ ನಡೆಸಬಲ್ಲ ಕೈಗೆ ಒಪ್ಪಿಸುವುದು, ಎರಡೂ ಆಗದಿದ್ದರೆ ನೇರವಾಗಿ ಮುಚ್ಚುವುದು. ಬೀಗ ಹಾಕಿ, ಬೋರ್ಡು ಮಾತ್ರ ಬಿಟ್ಟು, ಅದನ್ನೇ ಸ್ಮರಣೆ ಎನ್ನುವುದು ಮಾತ್ರ ಕರ್ತವ್ಯವೂ ಅಲ್ಲ, ಸ್ವಾತಂತ್ರ್ಯವೂ ಅಲ್ಲ.

ಆಟಿಕೆಗೆ ಇಷ್ಟೆಲ್ಲ ಯಾಕೆ ಎಂದು ಕೇಳಬಹುದು. ಆಸ್ಪತ್ರೆಯಲ್ಲ, ಶಾಲೆಯಲ್ಲ. ಪಂಪು ರಿಪೇರಿಯೂ ಅಲ್ಲ. ನನಗೆ ಅನ್ನಿಸುವುದು ಹೀಗೆ. ಆಸ್ಪತ್ರೆ ನಡೆಯುವುದು ರೋಗಿಗಳಿರುವುದರಿಂದ; ಸ್ಥಾಪಕರ ಮೇಲೆ ಯಾರಿಗೂ ಪ್ರೀತಿ ಇಲ್ಲದಿದ್ದರೂ ಅದು ನಡೆದೀತು. ಆಟಿಕೆ ರೈಲು ನಿಂತರೆ ಯಾರೂ ಸಾಯುವುದಿಲ್ಲ, ಯಾರ ಹೊಲವೂ ಒಣಗುವುದಿಲ್ಲ. ಅದು ಓಡುತ್ತಿದ್ದರೆ ಯಾರಿಗೋ ಅದು ಬೇಕೆನ್ನಿಸಿದೆ ಎಂಬುದಷ್ಟೇ ಕಾರಣ. ಇನ್ನೊಂದೂ ಇದೆ. ಭಾವೂಸಾಹೇಬ್ ಜೋಶಿ ತಮ್ಮ ಊರನ್ನು ಮನೆಯ ಕೋಣೆಯಲ್ಲಿ ಇಟ್ಟುಕೊಳ್ಳದೆ ಬಾಗಿಲು ತೆರೆದರು. ಮನೆಯೊಳಗಿನ ಆಟಿಕೆ ವಾರಸುದಾರರದು. ಊರಿಗೆ ತೋರಿಸಿದ ಆಟಿಕೆಯಲ್ಲಿ, ಟಿಕೆಟ್ ಕೊಂಡು ಬಂದು ಬಾಯಿ ತೆರೆದು ನಿಂತ ಪ್ರತಿ ಮಗುವಿಗೂ ಒಂದು ಎಳೆ ಪಾಲು ಬರುತ್ತದೆ. ಆಗ ನಡೆಸುವವರು ಸತ್ತವರ ಸೇವೆ ಮಾತ್ರ ಮಾಡುತ್ತಿಲ್ಲ, ಮುಂದಿನ ಭಾನುವಾರ ಬರಲಿರುವ ಮಗುವಿನ ಸೇವೆಯನ್ನೂ ಮಾಡುತ್ತಿರುತ್ತಾರೆ. ಋಣ ಹಿಂದಕ್ಕೆ ಮಾತ್ರ ಹರಿಯುವಾಗ ಭಾರ. ಮುಂದಕ್ಕೂ ಹರಿದರೆ ಅದು ಕೆಲಸ.

ಸ್ಥಾವರ, ಜಂಗಮಗಳ ವ್ಯತ್ಯಾಸವನ್ನು ಶರಣರಿಂದ ಕಲಿತವರು ನಾವು. ಭಾಷಣಗಳಲ್ಲಿ ಅದನ್ನು ಕೇಳಿ ಕೇಳಿ ಚಲಿಸುವುದು ತಾನಾಗಿಯೇ ಉಳಿಯುತ್ತದೆ ಎಂದು ನಂಬಿಬಿಟ್ಟಿದ್ದೇವೆ. ಯಾವುದೂ ತಾನಾಗಿ ಚಲಿಸುವುದಿಲ್ಲ.

ಗದಗಿನ ಅಂಗಡಿಯ ತೀರ್ಮಾನ ದೀಪಾವಳಿಯಲ್ಲಿ ಆಯಿತು. ಆ ರಿಜಿಸ್ಟರನ್ನು ಅಂದು ಪುಟ ಪುಟವಾಗಿ ನೋಡಿದೆ. ಅಪ್ಪನ ಓರೆ ಅಕ್ಷರ ಒಂದು ಪುಟದ ನಡುವೆ ನಿಲ್ಲುತ್ತದೆ. ಮುಂದಿನ ಸಾಲಿನಿಂದ ಮೇಸ್ತ್ರಿಯ ದುಂಡಕ್ಷರ. ನಡುವೆ ಗೆರೆಯಿಲ್ಲ, ಖಾಲಿ ಬಿಟ್ಟಿಲ್ಲ, ಹೊಸ ಪುಟ ತೆಗೆದಿಲ್ಲ. ಸುತ್ತು, ಗೇಜು, ಸ್ಲಾಟು, ಅದೇ ಕಾಲಂಗಳು. ಅಂಗಡಿ ಯಾರದು ಎಂಬುದಕ್ಕೆ ಆ ಪುಟಕ್ಕಿಂತ ದೊಡ್ಡ ಕಾಗದಪತ್ರ ನನಗೆ ಬೇಕಾಗಲಿಲ್ಲ. ಶೋರೂಮಿನವರು ಹೇಳಿದ್ದಕ್ಕಿಂತ ಕಡಿಮೆಗೆ, ಮೇಸ್ತ್ರಿ ಬ್ಯಾಂಕಿನ ಸಾಲದಿಂದ ತೀರಿಸಬಲ್ಲ ಬೆಲೆಗೆ, ಅಂಗಡಿಯನ್ನು ಅವರಿಗೇ ಬರೆದುಕೊಡುವುದೆಂದು ಮಾತಾಯಿತು. ಬಂದ ಹಣದಲ್ಲಿ ನನ್ನ ಪಾಲನ್ನೂ ತಮ್ಮನಿಗೆ ಕೊಟ್ಟೆ. ಅವನಿಗೆ ನಷ್ಟ ಮಾಡಿ ನಾನು ಆದರ್ಶ ಮಾತಾಡುವುದು ಸರಿಯಲ್ಲ. ಲಾಭ ಬಿಟ್ಟೆವು ಎಂಬುದು ನಿಜ. ತಮ್ಮ ಇನ್ನೂ ಪೂರ್ತಿ ಒಪ್ಪಿಲ್ಲ ಎಂಬುದೂ ನಿಜ.

ಬೋರ್ಡಿನ ವಿಷಯದಲ್ಲಿ ಮೇಸ್ತ್ರಿ ಅಪ್ಪನ ಹೆಸರೇ ಇರಲಿ ಅಂದರು. ಅವ್ವನಿಗೂ ಅದೇ ಆಸೆ. ಅವರ ಮನಸ್ಸು ನನಗೆ ಅರ್ಥವಾಗುತ್ತದೆ, ಆದರೂ ನಾನು ಬೇಡ ಅಂದೆ. ಮೂವತ್ತು ವರ್ಷ ತಂತಿ ಸುತ್ತಿದ ಮನುಷ್ಯ ಇನ್ನೂ ಇಪ್ಪತ್ತು ವರ್ಷ ಇನ್ನೊಬ್ಬರ ಹೆಸರಿನ ಕೆಳಗೆ ಕೂರುವುದು ಗೌರವವಲ್ಲ, ಅಭ್ಯಾಸ. ಅವ್ವ ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ಪೇಂಟರ್‌ನ ನಂಬರು ಕೊಟ್ಟವಳು ಅವಳೇ.

ಹೊಸ ಬೋರ್ಡಿನಲ್ಲಿ ಈಗ ಮೇಸ್ತ್ರಿಯ ಹೆಸರಿದೆ. ರಿಜಿಸ್ಟರನ್ನು ಪುಣೆಗೆ ತರಬೇಕು, ಅಪ್ಪನ ಅಕ್ಷರ ಮನೆಯಲ್ಲಿರಬೇಕು ಎಂಬ ಆಸೆ ನನಗೂ ಇತ್ತು. ಅದರ ಅರ್ಧ ಪುಟಗಳು ಇನ್ನೂ ಖಾಲಿ ಇವೆ, ಬೇಸಿಗೆ ಬರುತ್ತಿದೆ. ಅದು ಅಂಗಡಿಯ ಮೇಜಿನ ಮೇಲೆಯೇ ಇದೆ.